ಸಮುದಾಯ ಆಪ್ತಸಲಹಾ ಕೇಂದ್ರ

ಆಸ್ಪತ್ರೆಗೆ ದಾಖಲಾಗದೆ ಮನೆಯಿಂದ ಬಂದುಹೋಗುವವರ ಮನಸ್ಸಿನ ಕಷ್ಟವನ್ನು ಕೇಳಿಸಿಕೊಂಡು, ಅದನ್ನು ನಿಭಾಯಿಸುವ ದಾರಿ ಹುಡುಕಲು ಜೊತೆಯಾಗುವ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಟ್ರಸ್ಟುಗಳು, ನೋಂದಾಯಿತ ಸಂಘಗಳು, ಧಾರ್ಮಿಕ ಸಂಸ್ಥೆಗಳ ಸೇವಾ ಶಾಖೆಗಳು, ಮಹಿಳಾ ಸಂಘಟನೆಗಳು ಇಂಥ ಕೇಂದ್ರಗಳನ್ನು ನಡೆಸುತ್ತವೆ. ಕೆಲವು ಕಡೆ ಶುಲ್ಕವೇ ಇಲ್ಲ. ಕೆಲವು ಕಡೆ ಬಂದವರ ವರಮಾನ ನೋಡಿ ಶುಲ್ಕ. ಖಿನ್ನತೆ, ಆತಂಕ, ಗಂಡ ಹೆಂಡಿರ ಜಗಳ, ಕುಡಿತ, ಪರೀಕ್ಷೆಯ ಭಯ, ಹತ್ತಿರದವರ ಸಾವು, ಮನೆಯೊಳಗಿನ ಹಿಂಸೆ, ಇವು ಜನ ಇಲ್ಲಿಗೆ ಬರುವ ಸಾಮಾನ್ಯ ಕಾರಣಗಳು. ಔಷಧ ಬರೆಯುವ ಅಧಿಕಾರ ಆಪ್ತಸಲಹೆಗಾರರಿಗಿಲ್ಲ. ಔಷಧ ಬೇಕೆಂದು ಕಂಡಾಗ ಮನೋವೈದ್ಯರ ಬಳಿ ಕಳಿಸುತ್ತಾರೆ.

ಕನ್ನಡದಲ್ಲಿ ಕೌನ್ಸೆಲಿಂಗ್‌ಗೆ ಆಪ್ತಸಲಹೆ, ಆಪ್ತ ಸಮಾಲೋಚನೆ ಎಂಬ ಎರಡು ಮಾತುಗಳು ಬಳಕೆಯಲ್ಲಿವೆ. ಮೊದಲನೆಯದು ಒಂದು ತಪ್ಪು ಕಲ್ಪನೆಗೆ ಎಡೆಮಾಡುತ್ತದೆ. ಸಲಹೆ ಕೊಡುವುದು ಈ ಕೆಲಸದ ತೀರ ಚಿಕ್ಕ ಭಾಗ. ಒಳ್ಳೆಯ ಆಪ್ತಸಲಹೆಗಾರರು ಮೊದಲ ಹಲವು ಭೇಟಿಗಳಲ್ಲಿ ಸಲಹೆಯನ್ನೇ ಕೊಡುವುದಿಲ್ಲ. ಸಲಹೆ ಎಂಬುದು ಅರಬ್ಬೀ ಮೂಲದಿಂದ ಹಿಂದೂಸ್ತಾನಿಯ ಮೂಲಕ ನಮ್ಮಲ್ಲಿಗೆ ಬಂದ ಪದ. ಕನ್ನಡದ್ದೇ ಆದ 'ಸಲಹು' ಎಂಬ ಕ್ರಿಯಾಪದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಈ ಕೇಂದ್ರಗಳಲ್ಲಿ ನಡೆಯುವ ಕೆಲಸಕ್ಕೆ ಬುದ್ಧಿ ಹೇಳುವುದಕ್ಕಿಂತ ಸಲಹುವುದೇ ಹತ್ತಿರದ ಮಾತು.

ಬೆಲೆ ಎಂದರೆ ಏನು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದ್ದದ್ದು ಕಂಡುಬಂತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಲ್ಲಿ ನೂರಕ್ಕೆ ಸುಮಾರು 85 ಮಂದಿ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಇಷ್ಟು ದೊಡ್ಡ ಕಂದಕಕ್ಕೆ ದುಬಾರಿ ಶುಲ್ಕವೊಂದೇ ಕಾರಣವಲ್ಲ. ಮಾತಿನ ಚಿಕಿತ್ಸೆ ಒಂದು ದಿನದಲ್ಲಿ ಮುಗಿಯುವುದಿಲ್ಲ. ಆರೆಂಟು ವಾರ ಬರಬೇಕಾಗುತ್ತದೆ. ದಿನಗೂಲಿಯವರಿಗೆ ಅದು ಆರೆಂಟು ದಿನದ ಕೂಲಿ, ಹನ್ನೆರಡು ಹದಿನಾರು ಸಲದ ಬಸ್ ಚಾರ್ಜು. ಮಗುವನ್ನು ಯಾರ ಬಳಿ ಬಿಟ್ಟು ಬರುವುದೆಂಬ ಚಿಂತೆ ಬೇರೆ. ಇದೆಲ್ಲದರ ಮೇಲೆ, ಪಕ್ಕದ ಮನೆಯವರು ನೋಡಿದರೆ ಏನಂದುಕೊಂಡಾರು ಎಂಬ ಅಂಜಿಕೆ. ಆದ್ದರಿಂದ ಯಾವುದೇ ಕೇಂದ್ರ ನಿಜಕ್ಕೂ ಕೈಗೆಟುಕುತ್ತದೆಯೇ ಎಂದು ತಿಳಿಯಲು ಅದರ ಶುಲ್ಕದ ಪಟ್ಟಿಯನ್ನಷ್ಟೇ ನೋಡಿದರೆ ಸಾಲದು. ಅದು ಯಾವ ಬೀದಿಯಲ್ಲಿದೆ, ಯಾವ ಹೊತ್ತಿಗೆ ಬಾಗಿಲು ತೆರೆಯುತ್ತದೆ, ಕುರ್ಚಿಯಲ್ಲಿ ಯಾರು ಕೂತಿದ್ದಾರೆ, ಯಾವ ಭಾಷೆ ಆಡುತ್ತಾರೆ ಎಂಬುದನ್ನೂ ನೋಡಬೇಕು. ಈ ಸೇವೆಯ ಚರಿತ್ರೆಯಲ್ಲಿ ಗೆದ್ದ ಪ್ರಯೋಗಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಬದಲಿಸಿ ನೋಡಿದವುಗಳೇ.

ಚರಿತ್ರೆ

ಬಡವರಿಗೂ ಮಾತಿನ ಚಿಕಿತ್ಸೆ ಸಿಗಬೇಕೆಂಬ ವಿಚಾರಕ್ಕೆ ನೂರು ವರ್ಷ ದಾಟಿದೆ. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1913ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಉಚಿತ ಚಿಕಿತ್ಸೆಯ ಬಗ್ಗೆ ಹಿಂಜರಿಕೆ ತೋರಿದ್ದರು. ಹಣ ತೆಗೆದುಕೊಳ್ಳದಿದ್ದರೆ ಚಿಕಿತ್ಸೆಗೆ ರೋಗಿಯ ಮನಸ್ಸು ಒಡ್ಡುವ ತಡೆ ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ಅವರ ಅನುಭವವಾಗಿತ್ತು. ಐದೇ ವರ್ಷದಲ್ಲಿ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಅವರ ದೃಷ್ಟಿ ಬೇರೆಡೆ ಹೊರಳಿತು. 1918ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟಿನ ಸಮ್ಮೇಳನದಲ್ಲಿ ಅವರು, ಜೀವ ಉಳಿಸುವ ಶಸ್ತ್ರಚಿಕಿತ್ಸೆ ಪಡೆಯುವಷ್ಟೇ ಹಕ್ಕು ಬಡವನಿಗೆ ಮನಸ್ಸಿನ ನೆರವು ಪಡೆಯುವುದರಲ್ಲೂ ಇದೆಯೆಂದು ಸಮಾಜ ಎಂದಾದರೂ ಒಪ್ಪುತ್ತದೆ, ಆಗ ಹಣವಿಲ್ಲದೆ ನಡೆಯುವ ಕೇಂದ್ರಗಳು ಬರುತ್ತವೆ ಎಂಬರ್ಥದ ಮಾತಾಡಿದರು. 1920ರ ಫೆಬ್ರವರಿಯಲ್ಲಿ ಮ್ಯಾಕ್ಸ್ ಐಟಿಂಗಾನ್ ಮತ್ತು ಅರ್ನ್‌ಸ್ಟ್ ಸಿಮ್ಮೆಲ್ ಬರ್ಲಿನ್ನಿನಲ್ಲಿ ಅಂಥ ಮೊದಲ ಕೇಂದ್ರ ತೆರೆದರು. ಅಲ್ಲಿ ರೋಗಿಗಳು ತಮ್ಮಿಂದ ಎಷ್ಟಾಗುತ್ತದೆ ಎಂದುಕೊಂಡರೋ ಅಷ್ಟು ಕೊಟ್ಟರೆ ಸಾಕಿತ್ತು. 1922ರಲ್ಲಿ ವಿಯೆನ್ನಾದಲ್ಲೂ ಒಂದು ಶುರುವಾಯಿತು. ನಾಜಿಗಳು ಅಧಿಕಾರಕ್ಕೆ ಬಂದದ್ದೇ ಬರ್ಲಿನ್ನಿನ ಯಹೂದಿ ವೈದ್ಯರು ದೇಶ ಬಿಡಬೇಕಾಯಿತು. ವಿಯೆನ್ನಾದ ಕೇಂದ್ರ 1938ರಲ್ಲಿ ಮುಚ್ಚಿತು.

ಇನ್ನೊಂದು ಮೈಲಿಗಲ್ಲು ನ್ಯೂಯಾರ್ಕ್ ನಗರದ ಹಾರ್ಲೆಮ್‌ನದು. ಕರಿಯರ ಆ ಬಡಾವಣೆಯಲ್ಲಿ ಮನಸ್ಸಿನ ಕಾಯಿಲೆಗೆ ಹೊರರೋಗಿ ಚಿಕಿತ್ಸೆ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಕಾದಂಬರಿಕಾರ ರಿಚರ್ಡ್ ರೈಟ್ ಮೊದಲಾದವರ ಒತ್ತಾಸೆಯಿಂದ ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್ 1946ರಲ್ಲಿ ಸೇಂಟ್ ಫಿಲಿಪ್ಸ್ ಚರ್ಚಿನ ನೆಲಮಾಳಿಗೆಯಲ್ಲಿ ಲಾಫಾರ್ಗ್ ಕ್ಲಿನಿಕ್ ಆರಂಭಿಸಿದರು. ವಾರಕ್ಕೆ ಎರಡು ಸಂಜೆ, ಜನ ಕೆಲಸ ಮುಗಿಸಿ ಬರುವ ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು. ಶುಲ್ಕ 25 ಸೆಂಟ್. ಅದೂ ಇಲ್ಲದವರಿಗೆ ಉಚಿತ. ವೈದ್ಯರೂ ಸಮಾಜಕಾರ್ಯಕರ್ತರೂ ಸಂಬಳವಿಲ್ಲದೆ ದುಡಿದರು. ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರೆಮಾಡುವುದು ಮಕ್ಕಳ ಮನಸ್ಸಿಗೆ ಮಾಡುವ ಗಾಯವನ್ನು ವರ್ಥಾಮ್ ಈ ಕ್ಲಿನಿಕ್ಕಿನಲ್ಲೇ ಪರೀಕ್ಷಿಸಿ ಡೆಲಾವೇರ್ ರಾಜ್ಯದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಂಥ ಶಾಲೆಗಳು ಸಂವಿಧಾನಬಾಹಿರ ಎಂದು ಕೊಟ್ಟ ತೀರ್ಪಿನೊಳಗೆ ಈ ಮೊಕದ್ದಮೆಯೂ ಸೇರಿತ್ತು. ಕ್ಲಿನಿಕ್ 1958ರಲ್ಲಿ ನಿಂತುಹೋಯಿತು. ಹನ್ನೆರಡೇ ವರ್ಷ ಬದುಕಿದ ನೆಲಮಾಳಿಗೆಯ ಕೋಣೆಯೊಂದು, ಮನಸ್ಸಿನ ನೋವಿನ ಬೇರು ಕೆಲವೊಮ್ಮೆ ಮನಸ್ಸಿನ ಹೊರಗೆ ಇರುತ್ತದೆ ಎಂಬುದನ್ನು ಕೋರ್ಟಿನ ಕಟಕಟೆಯವರೆಗೆ ಒಯ್ದದ್ದು ಸಣ್ಣ ಸಂಗತಿಯಲ್ಲ.

ಅಮೆರಿಕದಲ್ಲಿ ಸರ್ಕಾರವೇ ಈ ಕೆಲಸಕ್ಕೆ ಕೈಹಾಕಿದ್ದು 1963ರಲ್ಲಿ. ಅಧ್ಯಕ್ಷ ಕೆನಡಿ ಆ ವರ್ಷ ಅಕ್ಟೋಬರ್ 31ರಂದು ಸಹಿಮಾಡಿದ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಯಡಿ ಪ್ರತಿ ಕೇಂದ್ರವೂ ಕೊಡಲೇಬೇಕಾದ ಐದು ಸೇವೆಗಳಲ್ಲಿ ಹೊರರೋಗಿ ಚಿಕಿತ್ಸೆ ಒಂದಾಗಿತ್ತು. ಯೋಜಿಸಿದ್ದ 1,500 ಕೇಂದ್ರಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಎದ್ದವು. 1981ರಲ್ಲಿ ಕೇಂದ್ರ ಸರ್ಕಾರ ನೇರ ಅನುದಾನ ಬಿಟ್ಟು ರಾಜ್ಯಗಳಿಗೆ ಒಟ್ಟು ಮೊತ್ತ ಕೊಡುವ ಪದ್ಧತಿಗೆ ಹೋಯಿತು. ಇಂದು ಆ ದೇಶದ ಊರೂರುಗಳಲ್ಲಿರುವ ಲಾಭರಹಿತ ಸಂಸ್ಥೆಗಳು ಬಳಸುವ, ವರಮಾನಕ್ಕೆ ತಕ್ಕಂತೆ ಏರಿಳಿಯುವ ಶುಲ್ಕಕ್ರಮ ಅಲ್ಲಿ ಬೇರೂರಿದ ಪದ್ಧತಿ. ಕೇಂದ್ರ ಸರ್ಕಾರದ ನೆರವು ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಸರ್ಕಾರ ಪ್ರತಿವರ್ಷ ಪ್ರಕಟಿಸುವ ಬಡತನದ ರೇಖೆಯಷ್ಟು ಅಥವಾ ಅದಕ್ಕಿಂತ ಕಡಿಮೆ ವರಮಾನ ಇರುವವರಿಗೆ ಪೂರ್ತಿ ರಿಯಾಯಿತಿ, ಆ ರೇಖೆಯ ಎರಡರಷ್ಟರವರೆಗೆ ಹಂತಹಂತವಾಗಿ ರಿಯಾಯಿತಿ.

ಕುರ್ಚಿಯಲ್ಲಿ ಯಾರು

ಶುಲ್ಕ ಇಳಿಸಿದರೂ ಕೂತು ಕೇಳುವವರು ಸಾಕಷ್ಟಿಲ್ಲದಿದ್ದರೆ ಸರದಿ ಬೆಳೆಯುತ್ತದೆಯೇ ಹೊರತು ಸೇವೆ ಬೆಳೆಯುವುದಿಲ್ಲ. ಇಲ್ಲಿಯೇ ಇಡೀ ಕ್ಷೇತ್ರದ ದೊಡ್ಡ ತಿರುವು ಇರುವುದು: ತಜ್ಞರಲ್ಲದವರನ್ನು ತಯಾರುಮಾಡುವುದು.

ಲಂಡನ್ನಿನ ಪಾದ್ರಿ ಚಾಡ್ ವಾರಾ 1953ರಲ್ಲಿ ತಮ್ಮ ಚರ್ಚಿನಲ್ಲಿ ಆತ್ಮಹತ್ಯೆಯ ಯೋಚನೆಯಲ್ಲಿದ್ದವರಿಗಾಗಿ ಫೋನ್ ಸೇವೆ ಶುರುಮಾಡಿದಾಗ, ಮಾತಾಡುವುದು ತಮ್ಮ ಕೆಲಸ, ಕಾಯುತ್ತ ಕೂತವರಿಗೆ ಚಹಾ ಕೊಡುವುದು ಸ್ವಯಂಸೇವಕರ ಕೆಲಸ ಎಂದುಕೊಂಡಿದ್ದರು. ಕೆಲವೇ ತಿಂಗಳಲ್ಲಿ ಅವರ ಗಮನಕ್ಕೆ ಬಂದದ್ದು ಬೇರೆ. ಚಹಾ ಕುಡಿಯುತ್ತ ಸ್ವಯಂಸೇವಕರೊಂದಿಗೆ ಮನಸ್ಸು ಬಿಚ್ಚಿ ಮಾತಾಡಿದ ಎಷ್ಟೋ ಮಂದಿ ಪಾದ್ರಿಯನ್ನು ಕಾಣದೆಯೇ ಹಗುರಾಗಿ ಮನೆಗೆ ಹೋಗುತ್ತಿದ್ದರು. 1954ರ ಆರಂಭದಲ್ಲೇ ಅವರು ಆಲಿಸುವ ಕೆಲಸವನ್ನು ಸ್ವಯಂಸೇವಕರಿಗೆ ಒಪ್ಪಿಸಿದರು. ಸಮರಿಟನ್ಸ್ ಎಂಬ ಹೆಸರಿನ ಈ ಸಂಸ್ಥೆಯ ಮಾದರಿ ಹಲವು ದೇಶಗಳಿಗೆ ಹಬ್ಬಿತು. ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ 1986ರಲ್ಲಿ ಚೆನ್ನೈಯಲ್ಲಿ ಕಟ್ಟಿದ ಸ್ನೇಹಾ ಕೂಡ ಸ್ವಯಂಸೇವಕರ ಬಲದ ಮೇಲೇ ನಿಂತಿದೆ.

ಜಿಂಬಾಬ್ವೆಯ ಕತೆ ಬಸ್ ಚಾರ್ಜಿನಿಂದಲೇ ಶುರುವಾಗುತ್ತದೆ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ನೋಡುತ್ತಿದ್ದ ಯುವತಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಏಕೆ ಕರೆತರಲಿಲ್ಲ ಎಂದು ಕೇಳಿದರೆ, ಬಸ್ಸಿಗೆ ಬೇಕಾದ 15 ಡಾಲರ್ ನಮ್ಮಲ್ಲಿರಲಿಲ್ಲ ಎಂದು ತಾಯಿ ಹೇಳಿದರು. ಆ ಮಾತು ವೈದ್ಯರನ್ನು ಆಸ್ಪತ್ರೆಯಿಂದ ಹೊರಗೆ ತಂದಿತು. 2006ರಲ್ಲಿ ಹರಾರೆ ನಗರದ ಎಂಬಾರೆ ಬಡಾವಣೆಯಲ್ಲಿ ಅವರು ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟರು. ಕ್ಲಿನಿಕ್ಕಿನೊಳಗೆ ಜಾಗ ಸಿಗದ ಕಾರಣ ಹೊರಗೆ ಮರದ ಬೆಂಚು ಹಾಕಿದರು. ಮಾನಸಿಕ ಆರೋಗ್ಯದ ಬೆಂಚು ಎಂದು ಕರೆದಾಗ ಜನ ಅದರ ಮೇಲೆ ಕೂರಲು ಹಿಂದೆಗೆದರು. ಅಜ್ಜಿಯರ ಮಾತು ಕೇಳಿ ಹೆಸರನ್ನು ಗೆಳೆತನದ ಬೆಂಚು ಎಂದು ಬದಲಿಸಲಾಯಿತು. ಖಿನ್ನತೆ ಎಂಬ ವೈದ್ಯಕೀಯ ಪದದ ಬದಲು ಶೋನಾ ಭಾಷೆಯ 'ಕುಫುಂಗಿಸಿಸಾ', ಅಂದರೆ ಅತಿಯಾಗಿ ಯೋಚಿಸುವುದು, ಎಂಬ ಮನೆಮಾತನ್ನೇ ಬಳಸಿದರು. ನಮ್ಮ ಕಡೆ 'ಯೋಚನೆ ಹತ್ಕೊಂಡಿದೆ' ಎನ್ನುತ್ತೇವಲ್ಲ, ಅದೇ. ಆರು ಭೇಟಿಗಳಲ್ಲಿ ಕಷ್ಟಗಳ ಪಟ್ಟಿಮಾಡಿ, ಒಂದನ್ನು ಆರಿಸಿ, ಅದಕ್ಕೆ ಸಾಧ್ಯವಾದ ದಾರಿ ಹುಡುಕುವುದು ಇಲ್ಲಿನ ಕ್ರಮ. 24 ಕ್ಲಿನಿಕ್‌ಗಳ 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಆರು ತಿಂಗಳ ನಂತರ ಖಿನ್ನತೆಯ ಲಕ್ಷಣ ಉಳಿದಿದ್ದವರು ಬೆಂಚಿಗೆ ಬಂದವರಲ್ಲಿ ಶೇ. 13.7, ಎಂದಿನ ಆರೈಕೆ ಪಡೆದವರಲ್ಲಿ ಶೇ. 49.9.

ಭಾರತದಲ್ಲಿ ಇದೇ ದಾರಿಯನ್ನು ಗಟ್ಟಿಮಾಡಿದ್ದು ಗೋವಾದ ಸಂಗಾತ್. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ ಈ ಲಾಭರಹಿತ ಸಂಸ್ಥೆ ಸಾಮಾನ್ಯ ಓದು ಇರುವ ಸ್ಥಳೀಯರನ್ನು ಆಪ್ತಸಲಹೆಗಾರರನ್ನಾಗಿ ಬೆಳೆಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿತು. ಜ್ವರಕ್ಕೆ, ಬೆನ್ನುನೋವಿಗೆ ಜನ ಬರುವ ಜಾಗವೇ ಅದಾದ್ದರಿಂದ ಯಾರು ಯಾಕೆ ಬಂದರೆಂಬ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ರೂಪುಗೊಂಡ ಖಿನ್ನತೆಯ ಚಿಕಿತ್ಸಾಕ್ರಮದ ತಿರುಳು ಸರಳ: ಮನಸ್ಸಿಲ್ಲವೆಂದು ಕೆಲಸ ಬಿಡುತ್ತೇವೆ, ಕೆಲಸ ಬಿಟ್ಟದ್ದಕ್ಕೆ ಮನಸ್ಸು ಇನ್ನೂ ಕುಗ್ಗುತ್ತದೆ, ಈ ಸುತ್ತನ್ನು ಕೆಲಸದ ತುದಿಯಿಂದ ಬಿಡಿಸಬೇಕು. ಆರರಿಂದ ಎಂಟು ಭೇಟಿ. ಸುಮಾರು 495 ಜನರ ಪರೀಕ್ಷೆಯಲ್ಲಿ, ಮೂರು ತಿಂಗಳಾಗುವಾಗ ಚೇತರಿಸಿಕೊಂಡವರು ಶೇ. 64, ಹೋಲಿಕೆಯ ಗುಂಪಿನಲ್ಲಿ ಶೇ. 39. ಅತಿಯಾಗಿ ಕುಡಿಯುವ ಗಂಡಸರಿಗಾಗಿ ನಾಲ್ಕು ಭೇಟಿಗಳ ಇನ್ನೊಂದು ಕ್ರಮವೂ ಪರೀಕ್ಷೆಗೊಳಗಾಯಿತು. ಅಲ್ಲಿ ಈ ಅಂತರ ಕಿರಿದು, ಶೇ. 36 ಮತ್ತು 26. ಕುಡಿತ ಬಿಡಿಸುವುದು ಎಷ್ಟು ಕಷ್ಟವೆಂದು ಮನೆಯವರಿಗೆ ಗೊತ್ತಿರುವುದನ್ನೇ ಅಂಕಿಗಳೂ ಹೇಳಿದವು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇದನ್ನು ನೋಡಿ, ನಾಲ್ಕು ದಿನ ತರಬೇತಿ ಕೊಟ್ಟು ಯಾರನ್ನಾದರೂ ಕೂರಿಸಬಹುದು ಎಂದುಕೊಂಡರೆ ಅನಾಹುತ. ಸಂಗಾತ್‌ನ ಆಪ್ತಸಲಹೆಗಾರರು ವಾರಗಳ ತರಗತಿಯ ಬಳಿಕ ತಿಂಗಳುಗಟ್ಟಲೆ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿತರು. ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ಭೇಟಿಗಳನ್ನು ಗುಂಪಾಗಿ ಕೂತು ಕೇಳಿ, ಎಲ್ಲಿ ಅವಸರವಾಯಿತು, ಎಲ್ಲಿ ಮಾತು ಕತ್ತರಿಸಿದೆ ಎಂದು ಒಬ್ಬರಿಗೊಬ್ಬರು ಅಂಕ ಕೊಟ್ಟುಕೊಂಡರು. ಅಗ್ಗದ ಸೇವೆಯ ಗುಣಮಟ್ಟವನ್ನು ಹಿಡಿದು ನಿಲ್ಲಿಸುವುದು ಈ ಮೇಲ್ವಿಚಾರಣೆಯೇ. ದೇಣಿಗೆ ಕಡಿಮೆಯಾದ ವರ್ಷ ಸಂಸ್ಥೆಗಳು ಮೊದಲು ಕೈಬಿಡುವುದೂ ಅದನ್ನೇ ಎಂಬುದು ಬೇಸರದ ವಿಚಾರ.

ಕರ್ನಾಟಕದಲ್ಲಿ

ಸಮುದಾಯದ ನಡುವೆ ಮಾನಸಿಕ ಆರೋಗ್ಯ ಎಂಬ ವಿಚಾರಕ್ಕೆ ಕರ್ನಾಟಕದಲ್ಲಿ ಹಳೆಯ ನೆಲೆಯಿದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅಲ್ಲಿ ಒತ್ತು ಇದ್ದದ್ದು ತೀವ್ರ ಕಾಯಿಲೆ ಮತ್ತು ಔಷಧದ ಮೇಲೆ. ಮಾತಿಗೆ ಜಾಗ ಮಾಡಿಕೊಟ್ಟವರು ಸ್ವಯಂಸೇವಾ ಸಂಸ್ಥೆಗಳು. ಬೆಂಗಳೂರಿನ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ 1964ರಷ್ಟು ಹಳೆಯದು. 1994ರಲ್ಲಿ ಆರಂಭವಾದ ಪರಿವರ್ತನ್ ಆಪ್ತಸಲಹೆಯ ಜೊತೆಗೆ ಆಪ್ತಸಲಹೆಗಾರರ ತರಬೇತಿಗೂ ಹೆಸರಾಯಿತು. ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಕಲಿಯಬೇಕೆಂದ ಗೃಹಿಣಿಯರು, ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರಿ ಮುಗಿಸಿದವರು ಇಂಥ ತರಬೇತಿ ಪಡೆದು ವಾರಕ್ಕೆರಡು ದಿನ ಸಂಬಳವಿಲ್ಲದೆ ಕೂರುವುದು ಬೆಂಗಳೂರಿನಲ್ಲಿ ಅಪರೂಪವಲ್ಲ.

ಕನ್ನಡದ ಮಟ್ಟಿಗೆ ಈ ಕೆಲಸಕ್ಕೆ ಭಾಷೆ ಕಟ್ಟಿಕೊಟ್ಟವರಲ್ಲಿ ಪ್ರಮುಖರು ಡಾ. ಸಿ. ಆರ್. ಚಂದ್ರಶೇಖರ್. ಚನ್ನಪಟ್ಟಣ ಮೂಲದ ಈ ಮನೋವೈದ್ಯರು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗಲೇ ಪತ್ರಿಕೆ, ಆಕಾಶವಾಣಿ, ಚಿಕ್ಕಚಿಕ್ಕ ಪುಸ್ತಕಗಳ ಮೂಲಕ ಮನೋರೋಗದ ವಿಷಯವನ್ನು ಹಳ್ಳಿಯ ಓದುಗರವರೆಗೂ ಮುಟ್ಟಿಸಿದರು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಸಮಾಧಾನ ಎಂಬ ಉಚಿತ ಆಪ್ತಸಲಹಾ ಕೇಂದ್ರ ನಡೆಸಿ, ವೈದ್ಯರಲ್ಲದವರಿಗೆ ತರಬೇತಿ ಕೊಟ್ಟು ಆಪ್ತಸಲಹೆಗಾರರನ್ನು ತಯಾರುಮಾಡಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೂ ಹಿಂದೆ ಡಾ. ಎಂ. ಶಿವರಾಂ (ರಾಶಿ) 'ಮನಮಂಥನ' ಬರೆದು 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದರು. ಮನಸ್ಸಿನ ಕಾಯಿಲೆಯ ಬಗ್ಗೆ ಒಬ್ಬ ವೈದ್ಯ ಕನ್ನಡದಲ್ಲಿ ಬರೆದ ಪುಸ್ತಕಕ್ಕೆ ಸಾಹಿತ್ಯದ ಗೌರವ ಸಂದದ್ದು ಈ ಭಾಷೆಯ ಓದುಗರ ಆಸಕ್ತಿಗೂ ಸಾಕ್ಷಿ.

ಕುಟುಂಬ ಕಲಹಗಳ ಕ್ಷೇತ್ರದಲ್ಲಿ ಸರ್ಕಾರ ಹಣ ಕೊಟ್ಟು ಸಂಸ್ಥೆಗಳು ಕೆಲಸ ಮಾಡುವ ಪದ್ಧತಿ ಇದೆ. ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಕುಟುಂಬ ಸಲಹಾ ಕೇಂದ್ರ ಯೋಜನೆ 1983ರಲ್ಲಿ ಶುರುವಾದದ್ದು. ಕರ್ನಾಟಕದ ಸಾಂತ್ವನ ಕೇಂದ್ರಗಳನ್ನೂ ಸ್ವಯಂಸೇವಾ ಸಂಸ್ಥೆಗಳೇ ನಡೆಸಿದವು. ಇವುಗಳಿಗೆ ಬರುವ ಹೆಣ್ಣುಮಕ್ಕಳಿಗೆ ಆಪ್ತಸಲಹೆಯ ಜೊತೆ ಕಾನೂನಿನ ಮಾಹಿತಿ, ಉಳಿಯಲು ಜಾಗ, ಠಾಣೆಗೆ ಜೊತೆಯಾಗಿ ಬರುವವರು ಬೇಕಾಗುತ್ತಾರೆ. ಹೊಡೆತ ತಿಂದು ಬಂದವಳನ್ನು ಹೊಂದಿಕೊಂಡು ಹೋಗು ಎಂದು ಕಳಿಸುವುದು ಆಪ್ತಸಲಹೆಯಲ್ಲ. ಅದನ್ನು ರಾಜಿ ಎಂದು ದಾಖಲೆಯಲ್ಲಿ ಬರೆದುಕೊಂಡ ಮಾತ್ರಕ್ಕೆ ಅದು ಆಪ್ತಸಲಹೆಯಾಗುವುದೂ ಇಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ (14416) ಕನ್ನಡದಲ್ಲೂ ದಿನದ ಇಪ್ಪತ್ನಾಲ್ಕು ಗಂಟೆ ಸಿಗುತ್ತದೆ. ಬಸ್ ಚಾರ್ಜು, ಕೂಲಿಯ ನಷ್ಟ ಎರಡನ್ನೂ ಫೋನು ತಪ್ಪಿಸುತ್ತದೆ. ಆದರೆ ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ಗಂಡ, ಮಕ್ಕಳ ನಡುವೆ ಕೂತು ಯಾವ ಹೆಂಗಸೂ ತನ್ನ ಕಷ್ಟವನ್ನು ಫೋನಿನಲ್ಲಿ ಹೇಳಲಾರಳು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬಹಳ ಮಂದಿಗೆ ಊರಿನಲ್ಲಿ ಸಿಗುವುದು ಇಂಥ ಕೇಂದ್ರದಲ್ಲಿ ಮಾತ್ರ.

ಹಣ ಮತ್ತು ಕಾನೂನು

ಬಂದವರು ಕೊಡುವ ಶುಲ್ಕದಿಂದ ಯಾವ ಕೇಂದ್ರವೂ ನಡೆಯುವುದಿಲ್ಲ. ವ್ಯಕ್ತಿಗಳ ದೇಣಿಗೆ, ತರಬೇತಿ ಶಿಬಿರಗಳ ಶುಲ್ಕ, 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕಾದ ಸಿಎಸ್‌ಆರ್ ನಿಧಿ, ಕೆಲವೆಡೆ ವಿದೇಶಿ ನೆರವು, ಇವೇ ಆಧಾರ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು, ಒಂದು ಸಂಸ್ಥೆ ತನಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಷೇಧಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ಸಣ್ಣ ಸಂಘಗಳಿಗೆ ಆ ದಾರಿ ಮುಚ್ಚಿತು. ಕಟ್ಟಡಕ್ಕೆ, ಕಂಪ್ಯೂಟರಿಗೆ ದಾನಿಗಳು ಸಿಗುತ್ತಾರೆ. ಗೋಡೆಗೆ ಹೆಸರು ಕೆತ್ತಿಸಲಾಗದ ಸಂಬಳಕ್ಕೆ ದಾನಿಗಳನ್ನು ಹುಡುಕುವುದೇ ಕಷ್ಟ, ಮತ್ತು ಈ ಕೆಲಸದಲ್ಲಿ ಖರ್ಚಿನ ಬಹುಪಾಲು ಸಂಬಳವೇ.

ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಆಪ್ತಸಲಹೆಗಾರರಿಗೆ ಬಹುಕಾಲ ಅಂಥ ನಿಯಂತ್ರಣವಿರಲಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು. ವರ್ತನಾ ಆರೋಗ್ಯದ ವೃತ್ತಿನಿರತರನ್ನೂ ಒಳಗೊಂಡ 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ಈ ಕೊರತೆ ತುಂಬುವತ್ತ ಇಟ್ಟ ಹೆಜ್ಜೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಆರೈಕೆ ಪಡೆಯುವುದನ್ನು ಹಕ್ಕೆಂದು ಸಾರಿತು, ಗೌಪ್ಯತೆಯನ್ನೂ ಹಕ್ಕೆಂದಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷಿಸಬಾರದು ಎಂದೂ ಹೇಳಿತು. ಗೌಪ್ಯತೆಗೆ ಒಂದು ಗಟ್ಟಿ ಎಲ್ಲೆ ಇದೆ: ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಇದನ್ನು ಮೊದಲ ಭೇಟಿಯ ಆರಂಭದಲ್ಲೇ ಹೇಳುವುದು ನ್ಯಾಯ. ನಂಬಿ ಎಲ್ಲ ಹೇಳಿದ ಹುಡುಗಿಗೆ ಆಮೇಲೆ ಈ ನಿಯಮ ತಿಳಿದರೆ ಅವಳ ನಂಬಿಕೆ ಎರಡನೆಯ ಸಲ ಮುರಿಯುತ್ತದೆ.

ಕೋಣೆಯೊಳಗೆ

ಇಂಥ ಕೇಂದ್ರ ಸಾಮಾನ್ಯವಾಗಿ ಯಾವುದೋ ಬಾಡಿಗೆ ಮನೆಯ ನೆಲಮಹಡಿ. ಹೊರಗೆ ಚಪ್ಪಲಿ, ಒಳಗೆ ಒಂದು ಬೆಂಚು, ಹೆಸರಿನ ಬದಲು ನಂಬರು ಬರೆದ ಫೈಲುಗಳ ಕಪಾಟು. ಕೋಣೆಯಲ್ಲಿ ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕದೆ ಸ್ವಲ್ಪ ಓರೆಯಾಗಿ ಹಾಕಿರುತ್ತಾರೆ. ಅಳು ಬಂದಾಗ ಮುಖ ತಿರುಗಿಸಿಕೊಳ್ಳಲು ಬಂದವರಿಗೆ ಒಂದು ದಿಕ್ಕು ಬೇಕಲ್ಲ. ಗಡಿಯಾರ ಸಲಹೆಗಾರರ ಕಣ್ಣಿಗಷ್ಟೇ ಬೀಳುವ ಗೋಡೆಯ ಮೇಲೆ. ಫ್ಯಾನು ಚಳಿಗಾಲದಲ್ಲೂ ತಿರುಗುತ್ತಿದ್ದರೆ ಅದು ಒಳಗಿನ ಮಾತು ಬೆಂಚಿನ ಮೇಲೆ ಕೂತವರಿಗೆ ಕೇಳದಿರಲಿ ಎಂದು.

ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು ಬಂದಳೆಂದು ಇಟ್ಟುಕೊಳ್ಳೋಣ. ಅವಳಿಗೆ ಬಿಡುವು ಭಾನುವಾರ ಮಾತ್ರ. ಭಾನುವಾರ ತೆರೆಯದ ಕೇಂದ್ರ ಎಷ್ಟೇ ಉಚಿತವಾಗಿದ್ದರೂ ಅವಳ ಪಾಲಿಗೆ ಇಲ್ಲ. 'ಬನ್ನಿಮ್ಮಾ, ಕೂತ್ಕೊಳಿ' ಎಂದರೆ ಸೆರಗಿನ ತುದಿ ಸುತ್ತುತ್ತ 'ಏನಿಲ್ಲ ಮೇಡಂ, ತಲೆನೋವು ಅಷ್ಟೆ' ಎನ್ನುತ್ತಾಳೆ. ಖಿನ್ನತೆ ಎಂಬ ಪದ ಅವಳ ಬಾಯಲ್ಲಿ ಬರುವುದಿಲ್ಲ. ತಲೆ ಭಾರ, ಎದೆ ಡವಡವ, ಕೈಕಾಲು ಸೋಲು, ಹೊಟ್ಟೆಯಲ್ಲಿ ಏನೋ ಸಂಕಟ, ಇಂಥ ಮಾತುಗಳಲ್ಲೇ ಅದು ಬರುತ್ತದೆ. ಆ ಮಾತುಗಳನ್ನು ಬಿಟ್ಟು ಪುಸ್ತಕದ ಪದಕ್ಕೆ ಹಾರಿದರೆ ಅವಳು ಮುಂದಿನ ವಾರ ಬರುವುದಿಲ್ಲ. ಹಲವು ಕೇಂದ್ರಗಳು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಕೊನೆಯದು ಸಾವಿನ ಯೋಚನೆಯ ಕುರಿತದ್ದು. ಹೊಸಬರು ಅದನ್ನು ಕೇಳಲು ಅಂಜುತ್ತಾರೆ, ಕೇಳಿದರೆ ಇಲ್ಲದ ಯೋಚನೆ ಬಂದೀತೆಂದು. ಹಾಗಾಗುವುದಿಲ್ಲ. 'ಬದುಕೇ ಬೇಡ ಅನ್ನಿಸುತ್ತಾ? ಏನಾದರೂ ಮಾಡಿಕೊಳ್ಳೋ ಯೋಚನೆ ಬಂದಿತ್ತಾ?' ಎಂದು ನೇರವಾಗಿ, ಮೆತ್ತಗೆ ಕೇಳಿದಾಗ ಹೆಚ್ಚಿನವರಿಗೆ ಹಗುರವೇ ಆಗುತ್ತದೆ, ಈವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಅದಾದ್ದರಿಂದ. ಹೌದೆಂದರೆ ಅಂದು ಗಡಿಯಾರ ನೋಡುವುದಿಲ್ಲ. ಮನೆಯಲ್ಲಿ ಯಾರಿದ್ದಾರೆ, ಕೀಟನಾಶಕ, ಮಾತ್ರೆಗಳು ಕೈಗೆ ಸಿಗುವಂತಿವೆಯೇ, ಇವತ್ತೇ ಮನೋವೈದ್ಯರನ್ನು ಕಾಣಬಹುದೇ ಎಂಬುದು ಇತ್ಯರ್ಥವಾಗದೆ ಅವಳನ್ನು ಕಳಿಸುವಂತಿಲ್ಲ. ಭ್ರಮೆ, ಉನ್ಮಾದ, ಮೂರ್ಛೆ, ತೀವ್ರ ವ್ಯಸನ ಕಂಡಾಗಲೂ ರೆಫರ್ ಮಾಡುವುದೇ ಸರಿ. ತನ್ನ ಮಿತಿ ಅರಿಯದ ಕೇಂದ್ರ ಎಷ್ಟೇ ಕರುಣೆಯಿಂದ ನಡೆದರೂ ಅಪಾಯಕಾರಿ.

ಶುಲ್ಕದ ಮಾತು ಬರುವುದು ಭೇಟಿಯ ಕೊನೆಯಲ್ಲಿ. ವರಮಾನದ ಪ್ರಮಾಣಪತ್ರ ತನ್ನಿ ಎನ್ನುವ ಕೇಂದ್ರಗಳಿವೆ. ಅದು ತಹಸೀಲ್ದಾರ್ ಕಚೇರಿಗೆ ಇನ್ನೊಂದು ದಿನದ ಕೂಲಿ ಕಳೆದು ತರುವ ಕಾಗದ. ಬಾಯಿಮಾತನ್ನು ನಂಬುವ ಕೇಂದ್ರಗಳೂ ಇವೆ, ಮುಚ್ಚಿದ ಡಬ್ಬಿ ಇಟ್ಟು ತಿಳಿದಷ್ಟು ಹಾಕಿ ಎನ್ನುವವೂ ಇವೆ. ಉಚಿತವಾದರೆ ಬೆಲೆ ಇರುವುದಿಲ್ಲ ಎಂಬ ಮಾತನ್ನು ಈ ಕ್ಷೇತ್ರದಲ್ಲಿ ಆಗಾಗ ಕೇಳುತ್ತೇವೆ. ಹರಾರೆಯ ಬೆಂಚೂ ಗೋವಾದ ಆರೋಗ್ಯ ಕೇಂದ್ರಗಳೂ ಆ ಮಾತನ್ನು ಸುಳ್ಳುಮಾಡಿವೆ. ಆದರೂ ಹತ್ತು ರೂಪಾಯಿ ಕೊಟ್ಟೇ ಹೋಗುತ್ತೇನೆ ಎನ್ನುವವರ ಸ್ವಾಭಿಮಾನಕ್ಕೆ ಆ ಡಬ್ಬಿಯಲ್ಲಿ ಜಾಗವಿರಬೇಕು.

ಮುಂದಿನ ವಾರಗಳ ಕೆಲಸ ಚಿಕ್ಕಚಿಕ್ಕದು. ಸಂಜೆ ಬಂದು ಹತ್ತು ನಿಮಿಷ ಮಹಡಿಯ ಮೇಲೆ ನಿಲ್ಲುವುದು, ಊರಲ್ಲಿರುವ ಅಕ್ಕನಿಗೆ ವಾರಕ್ಕೊಮ್ಮೆ ಫೋನ್ ಮಾಡುವುದು, ಸಾಲದ ಕಂತಿನ ಲೆಕ್ಕವನ್ನು ತಲೆಯಲ್ಲಿಟ್ಟುಕೊಳ್ಳದೆ ಕಾಗದಕ್ಕೆ ಇಳಿಸುವುದು. ಮಾಡಲಾಗದಿದ್ದರೆ ಬೈಗುಳವಿಲ್ಲ, ಏಕೆ ಆಗಲಿಲ್ಲ ಎಂಬುದೇ ಅಂದಿನ ಮಾತು. ಬರುವುದು ನಿಂತರೆ ಫೋನ್ ಮಾಡಿ ವಿಚಾರಿಸಬೇಕು. ಆದರೆ ಯಾವ ನಂಬರಿಗೆ, ಯಾವ ಹೊತ್ತಿಗೆ, ಬೇರೆಯವರು ಎತ್ತಿದರೆ ಯಾರೆಂದು ಹೇಳಬೇಕು ಎಂಬುದನ್ನು ಮೊದಲ ದಿನವೇ ಕೇಳಿ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತಾರೆ.

ಕೊನೆಯ ಭೇಟಿಯಲ್ಲಿ ಇಬ್ಬರೂ ಕೂತು ಒಂದು ಚೀಟಿ ಬರೆಯುವ ರೂಢಿ ಕೆಲವು ಕಡೆ ಇದೆ. ತೊಂದರೆ ಮತ್ತೆ ಬರುವ ಮುನ್ನ ಕಾಣುವ ಗುರುತುಗಳನ್ನು ಬಂದವರ ಮಾತಿನಲ್ಲೇ ಅದರಲ್ಲಿ ಬರೆಯುತ್ತಾರೆ: ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು, ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಅಕ್ಕನ ಫೋನ್ ಎತ್ತದಿರುವುದು. ಕೆಳಗೆ ಕೇಂದ್ರದ ನಂಬರು, 14416, ಫೈಲಿನ ಸಂಖ್ಯೆ. ಮಡಚಿದರೆ ರೇಷನ್ ಕಾರ್ಡಿನ ಕವರಿನೊಳಗೆ ಹಿಡಿಯುತ್ತದೆ.